ಕಲ್ಲಿದ್ದಲು ಗ್ಯಾಸಿಫೈಯರ್‌ನ ಫಿನಾಲ್ ನೀರು: ಹಂತಹಂತವಾಗಿ ಶುದ್ಧ ಮಾಡುವುದು ಹೇಗೆ

ಗುಜರಾತಿನ ಮೋರ್ಬಿ ಗೊತ್ತಲ್ವಾ? ನಿಮ್ಮ ಮನೆ ನೆಲದ ಟೈಲ್ಸ್ ಅಲ್ಲಿಂದಲೇ ಬಂದಿರುವ ಸಾಧ್ಯತೆ ಜಾಸ್ತಿ. ಅಲ್ಲಿನ ಕಾರ್ಖಾನೆಗಳಲ್ಲಿ ಬಹಳಷ್ಟು ಮಂದಿ ವರ್ಷಗಟ್ಟಲೆ ಕಲ್ಲಿದ್ದಲಿನಿಂದ ತೆಗೆದ ಗ್ಯಾಸನ್ನೇ ಉರಿಸುತ್ತಿದ್ದರು. ಅಗ್ಗ ಅನ್ನುವುದು ಕಾರಣ. ಆ ಗ್ಯಾಸಿನ ಜೊತೆ ಡಾಂಬರಿನಂಥ ಟಾರ್ ಬರುತ್ತದೆ, ಫಿನಾಲ್ ಅನ್ನುವ ವಿಷದ ರಾಸಾಯನಿಕ ತುಂಬಿದ ನೀರು ಬರುತ್ತದೆ, ಅದಕ್ಕೆ ಸರಿಯಾದ ದಾರಿ ಮಾಡದೆ ಎಲ್ಲೆಂದರಲ್ಲಿ ಸುರಿದರು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮೋರ್ಬಿ-ವಾಂಕಾನೇರ್ ಭಾಗದ ಕಲ್ಲಿದ್ದಲು ಗ್ಯಾಸಿಫೈಯರ್‌ಗಳನ್ನು ಮುಚ್ಚಲು ಹೇಳಿತು. ಕಾರ್ಖಾನೆಗಳು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕಾಯಿತು.

ಈಗ ದೇಶದ ಮಟ್ಟದಲ್ಲಿ ಗ್ಯಾಸಿಫಿಕೇಶನ್ ಮತ್ತೆ ಸುದ್ದಿಯಲ್ಲಿದೆ. 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಗ್ಯಾಸ್ ಮಾಡುವ ಗುರಿ ಇದೆ, 2024ರ ಜನವರಿಯಲ್ಲಿ ಕೇಂದ್ರ ಸಂಪುಟ 8,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಕೆಮಿಕಲ್ ಡಿಪ್ಲೊಮಾ ಮುಗಿಸಿ ಇಟಿಪಿ (ಕಾರ್ಖಾನೆಯ ಕೊಳಕು ನೀರು ಶುದ್ಧ ಮಾಡುವ ಘಟಕ) ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೆ ಈ ನೀರು ಇವತ್ತಲ್ಲ ನಾಳೆ ಎದುರಾಗಬಹುದು. ಅವರಿಗಾಗಿ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ನೀರಿನಲ್ಲಿ ಯಾವುದನ್ನು ಮೊದಲು ತೆಗೆಯಬೇಕು, ಯಾವುದನ್ನು ಆಮೇಲೆ ಅನ್ನುವ ಸರದಿ ಸರಿಯಾದರೆ ಅರ್ಧ ಗೆದ್ದಂತೆ. ಎಷ್ಟೋ ಪ್ಲಾಂಟ್‌ಗಳು ಎಡವುವುದು ಇಲ್ಲೇ. ಹಿಂದಿನ ಹಂತದಲ್ಲಿ ತೆಗೆಯಬೇಕಾದದ್ದನ್ನು ಬಿಟ್ಟು, ಕೊನೆಗೆ ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತದೆ ಅಂತ ಕೂರುತ್ತಾರೆ. ಅದು ನೋಡಿಕೊಳ್ಳುವುದಿಲ್ಲ, ಸಾಯುತ್ತದೆ.

ನಿಮ್ಮ ಗ್ಯಾಸಿಫೈಯರ್ ಯಾವ ಜಾತಿ?

ನೀರು ಎಷ್ಟು ಕೊಳಕು ಅನ್ನುವುದನ್ನು ತೀರ್ಮಾನ ಮಾಡುವುದು ಗ್ಯಾಸಿಫೈಯರ್‌ನ ಶಾಖ. ಲುರ್ಗಿ ಮಾದರಿಯಂಥ ಫಿಕ್ಸೆಡ್ ಬೆಡ್‌ನಲ್ಲಿ ಕಲ್ಲಿದ್ದಲು ಮೇಲಿನಿಂದ ಇಳಿಯುತ್ತದೆ, ಬಿಸಿ ಗ್ಯಾಸ್ ಕೆಳಗಿನಿಂದ ಏರುತ್ತದೆ. ಮೇಲ್ಭಾಗದಲ್ಲಿ ಶಾಖ ಕಡಿಮೆ. ಅಲ್ಲಿ ಕಲ್ಲಿದ್ದಲು ಬೇಯುವಾಗ ಹೊರಡುವ ಟಾರ್, ಫಿನಾಲ್ ಎಲ್ಲ ಸುಟ್ಟುಹೋಗದೆ ಗ್ಯಾಸಿನ ಜೊತೆಗೇ ಹೊರಗೆ ಬರುತ್ತವೆ. ಗ್ಯಾಸನ್ನು ತಣಿಸಿ ತೊಳೆದಾಗ ಅವೆಲ್ಲ ನೀರಿಗೆ ಇಳಿಯುತ್ತವೆ. ಇಂಥ ಪ್ಲಾಂಟ್‌ನಲ್ಲಿ ಒಂದು ಟನ್ ಕಲ್ಲಿದ್ದಲಿಗೆ ಹತ್ತಿರ ಹತ್ತಿರ ಒಂದು ಟನ್ ಕೊಳಕು ನೀರು ಬರುತ್ತದೆ. ಲೀಟರಿಗೆ ಫಿನಾಲ್ ಕೆಲವು ಸಾವಿರ ಮಿಲಿಗ್ರಾಂ, ಅಮೋನಿಯಾ ಕೂಡ ಸಾವಿರಗಳಲ್ಲಿ, ಸಿಓಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಪೂರ್ತಿ ಉರಿಸಲು ಬೇಕಾಗುವ ಆಮ್ಲಜನಕದ ಅಳತೆ) ಹತ್ತು ಸಾವಿರ ದಾಟಿರುವುದು ಮಾಮೂಲು.

ಕಲ್ಲಿದ್ದಲನ್ನು ಪುಡಿ ಮಾಡಿ 1,300 ಡಿಗ್ರಿಗೂ ಮೇಲಿನ ಶಾಖಕ್ಕೆ ಊದುವ ಎಂಟ್ರೇನ್ಡ್ ಫ್ಲೋ ಗ್ಯಾಸಿಫೈಯರ್‌ನಲ್ಲಿ ಟಾರೂ ಇಲ್ಲ, ಫಿನಾಲೂ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿನ ತಲೆನೋವು ಬೂದಿ, ಅಮೋನಿಯಾ, ಸಯನೈಡ್, ಉಪ್ಪು. ನಮ್ಮ ತೋರಣಗಲ್ಲಿನ ಉಕ್ಕು ಕಾರ್ಖಾನೆಯಲ್ಲಿ ಕಬ್ಬಿಣ ತಯಾರಿಸುವ ಕೋರೆಕ್ಸ್ ಘಟಕವೂ ಕಲ್ಲಿದ್ದಲನ್ನು ಗ್ಯಾಸ್ ಮಾಡುತ್ತದೆ. ಅದರ ಗುಮ್ಮಟದಲ್ಲಿ 1,000 ಡಿಗ್ರಿಗೂ ಜಾಸ್ತಿ ಶಾಖ ಇರುವುದರಿಂದ ಟಾರ್ ಅಲ್ಲೇ ಒಡೆದುಹೋಗುತ್ತದೆ.

ಇನ್ನೂ ಗ್ಯಾಸಿಫೈಯರ್ ಖರೀದಿ ಮಾಡದೆ ಇರುವವರಿದ್ದರೆ ಕೇಳಿ: ಫಿಕ್ಸೆಡ್ ಬೆಡ್ ಅಗ್ಗ ಅಂತ ತೋರಿಸುವ ಕೊಟೇಶನ್‌ನಲ್ಲಿ ಈ ನೀರಿನ ಖರ್ಚು ಸೇರಿರುವುದಿಲ್ಲ. ಅದನ್ನೂ ಸೇರಿಸಿ ಕೂಡಿಸಿ, ಆಮೇಲೆ ಅಗ್ಗವೋ ಅಲ್ಲವೋ ನೋಡಿ.

ಇನ್ನು ಮುಂದೆ ಹೇಳುವುದೆಲ್ಲ ಫಿಕ್ಸೆಡ್ ಬೆಡ್ ನೀರಿಗೆ.

ಕೈ ಹಾಕುವ ಮುಂಚೆ

ಈ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್, ಸಯನೈಡ್ ಎರಡೂ ಕರಗಿರುತ್ತವೆ. ಆಸಿಡ್ ಸುರಿದು ಪಿಎಚ್ ಇಳಿಸಿದರೆ ಎರಡೂ ಗ್ಯಾಸ್ ಆಗಿ ಮೇಲೇಳುತ್ತವೆ, ಅದು ಪ್ರಾಣ ತೆಗೆಯುತ್ತದೆ. ಸ್ಯಾಂಪಲ್ ಬಾಟಲಿಗೆ ಆಸಿಡ್ ಹಾಕುವುದಿದ್ದರೂ ಫ್ಯೂಮ್ ಹುಡ್ ಒಳಗೇ ಹಾಕಿ. ಟಾರ್ ಟ್ಯಾಂಕಿಗೆ ಇಳಿಯುವುದಂತೂ ಗ್ಯಾಸ್ ಅಳೆದು, ಪರ್ಮಿಟ್ ತೆಗೆದು, ಮೇಲೆ ಒಬ್ಬರನ್ನು ನಿಲ್ಲಿಸಿಕೊಂಡೇ. ಗ್ಯಾಸ್ ಲೈನ್ ಪಕ್ಕ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೇಬಿಗೆ ಡಿಟೆಕ್ಟರ್ ಸಿಕ್ಕಿಸಿಕೊಳ್ಳಿ. ಗಟ್ಟಿ ಫಿನಾಲ್ ಚರ್ಮಕ್ಕೆ ತಾಗಿದರೆ ಮೊದಲು ಮರಗಟ್ಟುತ್ತದೆ, ನೋವು ಗೊತ್ತಾಗುವುದಿಲ್ಲ, ಆದರೆ ಒಳಗೆ ಇಳಿಯುತ್ತಲೇ ಇರುತ್ತದೆ. ಬಟ್ಟೆ ಬಿಚ್ಚಿ, ಧಾರಾಳವಾಗಿ ನೀರಲ್ಲಿ ತೊಳೆದು, ಸಿಕ್ಕರೆ ಪಾಲಿಎಥಿಲೀನ್ ಗ್ಲೈಕಾಲ್ ಹಚ್ಚಿ ಒರೆಸಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅಳತೆ: ಒಂದು ಟೆಸ್ಟ್ ನಂಬಿ ಕೂರಬೇಡಿ

ಹೆಚ್ಚಿನ ಲ್ಯಾಬ್‌ಗಳು ಫಿನಾಲ್ ಅಳೆಯುವುದು 4-ಅಮಿನೋಆಂಟಿಪೈರಿನ್ ಟೆಸ್ಟ್‌ನಲ್ಲಿ. ಕೆಂಪು-ಕಿತ್ತಳೆ ಬಣ್ಣ ಬರುತ್ತದೆ, ಅದನ್ನು ಮೆಷಿನ್ ಓದುತ್ತದೆ. ಇದರ ಒಂದು ಕೊರತೆ ಎಲ್ಲರಿಗೂ ಗೊತ್ತಿರುವುದಿಲ್ಲ: ಪ್ಯಾರಾ-ಕ್ರೆಸಾಲ್‌ನಂಥ ಕೆಲವು ಫಿನಾಲ್‌ಗಳಿಗೆ ಈ ಬಣ್ಣ ಸರಿಯಾಗಿ ಬರುವುದೇ ಇಲ್ಲ. ಕಲ್ಲಿದ್ದಲು ನೀರಿನಲ್ಲಿ ಕ್ರೆಸಾಲ್ ಧಾರಾಳವಾಗಿರುತ್ತದೆ. ಅಂದರೆ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ, ನೀರು ಚೆನ್ನಾಗಿರುವುದಿಲ್ಲ.

ಅಡ್ಡ ತಾಳೆ ನೋಡಲು ಒಂದು ಸುಲಭ ಲೆಕ್ಕ ಇದೆ. ಒಂದು ಗ್ರಾಂ ಫಿನಾಲ್ ಪೂರ್ತಿ ಉರಿಯಲು 2.38 ಗ್ರಾಂ ಆಮ್ಲಜನಕ ಬೇಕು. ಹಾಗಾದರೆ ಲೀಟರಿಗೆ 5,000 ಮಿಲಿಗ್ರಾಂ ಫಿನಾಲ್ ಇದ್ದರೆ ಅದರದ್ದೇ ಸಿಓಡಿ 11,900. ನಿಮ್ಮ ಸಿಓಡಿ 20,000 ಬಂದಿದೆ ಅಂದುಕೊಳ್ಳಿ. ಉಳಿದ 8,100 ಯಾರದ್ದು? ಸ್ವಲ್ಪ ಕೊಬ್ಬಿನ ಆಮ್ಲ, ಸ್ವಲ್ಪ ಸಲ್ಫೈಡ್, ಥಯೋಸಯನೇಟ್, ಸ್ವಲ್ಪ ಎಣ್ಣೆ. ಇವುಗಳನ್ನೂ ಅಳೆದು ಕೂಡಿಸಿ. ಆಗಲೂ ದೊಡ್ಡ ಅಂತರ ಉಳಿದರೆ ಟೆಸ್ಟ್‌ಗೆ ಕಾಣದ ಫಿನಾಲ್‌ಗಳಿವೆ ಅಂತಲೇ ಅನುಮಾನ ಪಡಿ, ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಒಂದು ಸ್ಯಾಂಪಲ್ ಕಳಿಸಿ.

ತಲುಪಬೇಕಾದ ಗುರಿ ಯಾವುದು? ನದಿ-ಹಳ್ಳಕ್ಕೆ ಬಿಡುವುದಾದರೆ ದೇಶದ ಸಾಮಾನ್ಯ ಮಾನದಂಡದಲ್ಲಿ ಲೀಟರಿಗೆ ಫಿನಾಲ್ 1 ಮಿಲಿಗ್ರಾಂ, ಸಯನೈಡ್ 0.2, ಅಮೋನಿಯಾ ನೈಟ್ರೋಜನ್ 50, ಸಿಓಡಿ 250, ಬಿಓಡಿ (ಬ್ಯಾಕ್ಟೀರಿಯಾ ಕೊಳೆ ತಿನ್ನಲು ಬೇಕಾಗುವ ಆಮ್ಲಜನಕ) 30. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದಲ್ಲಿ ಇನ್ನೂ ಬಿಗಿ ಇರಬಹುದು, ಅದನ್ನೇ ಓದಿಕೊಳ್ಳಿ. ಕುಡಿಯುವ ನೀರಿಗಂತೂ ಫಿನಾಲ್ ಮಿತಿ 0.001. ಅಷ್ಟು ಬಿಗಿ ಯಾಕೆಂದರೆ, ಫಿನಾಲ್ ಇರುವ ನೀರಿಗೆ ಕ್ಲೋರಿನ್ ಹಾಕಿದರೆ ಕ್ಲೋರೋಫಿನಾಲ್ ಆಗಿ ನೀರು ಔಷಧಿ ವಾಸನೆ ಹೊಡೆಯುತ್ತದೆ.

ಬೋರ್‌ವೆಲ್ ನೀರು ಬೆರೆಸಿ ಈ ಅಂಕಿ ಮುಟ್ಟಿಸುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಕೊಳೆ ಒಂದು ಕೆಜಿಯೂ ಕಡಿಮೆಯಾಗಿರುವುದಿಲ್ಲ, ಪಂಪ್ ಬಿಲ್ ಮಾತ್ರ ಏರಿರುತ್ತದೆ.

ಹಂತ 1: ಟಾರ್, ಎಣ್ಣೆ, ದೂಳು

ತೊಳೆದ ನೀರು ಸೆಪರೇಟರ್ ಟ್ಯಾಂಕಿಗೆ ಬರುತ್ತದೆ. ಭಾರದ ಟಾರ್ ತಳಕ್ಕೆ, ಹಗುರ ಎಣ್ಣೆ ಮೇಲಕ್ಕೆ, ನಡುವೆ ನೀರು. ಕೇಳಲು ಸುಲಭ. ಕಲ್ಲಿದ್ದಲು ದೂಳು ಸೇರಿದರೆ ಮಾತ್ರ ಟಾರೂ ನೀರೂ ಕಲಸಿಕೊಂಡು ಬೇರೆಯೇ ಆಗುವುದಿಲ್ಲ. ಅದಕ್ಕೇ ಕಲ್ಲಿದ್ದಲನ್ನು ಜರಡಿ ಹಿಡಿದು ಪುಡಿ ತೆಗೆದು ಹಾಕಬೇಕು, ಇಟಿಪಿ ಕೆಲಸ ಅಲ್ಲಿಂದಲೇ ಶುರು. ಟ್ಯಾಂಕನ್ನು ಸುಮಾರು 70 ಡಿಗ್ರಿಯಲ್ಲಿ ಇಡಿ, ತಣ್ಣಗಾದರೆ ಟಾರ್ ಗಟ್ಟಿಯಾಗಿ ಪಂಪ್ ಹಿಡಿದುಕೊಳ್ಳುತ್ತದೆ.

ಇಲ್ಲಿ ಒಂದು ವಿಷಯಕ್ಕೆ ಜಾಸ್ತಿ ಗಮನ ಕೊಡಿ. ಹೊಸದಾಗಿ ಬಂದ ನೀರನ್ನು ಒಂದು ಬೀಕರ್‌ನಲ್ಲಿ ತೆರೆದಿಟ್ಟು, ಇನ್ನೊಂದನ್ನು ಬಾಟಲಿಯಲ್ಲಿ ಬಾಯಿವರೆಗೂ ತುಂಬಿ ಬಿಗಿಯಾಗಿ ಮುಚ್ಚಿಟ್ಟು, ಮರುದಿನ ಪಕ್ಕಪಕ್ಕ ಇಟ್ಟು ನೋಡಿ. ಮುಚ್ಚಿದ್ದು ತಿಳಿ ಹಳದಿ-ಕಂದು, ತೆರೆದದ್ದು ಟೀ ಡಿಕಾಕ್ಷನ್ ಥರ ಕಪ್ಪಾಗಿರುತ್ತದೆ. ಗಾಳಿಯ ಆಮ್ಲಜನಕ ತಾಗಿ ಕ್ಯಾಟೆಕಾಲ್‌ನಂಥ ಫಿನಾಲ್‌ಗಳು ಕ್ವಿನೋನ್ ಆಗಿ, ಒಂದಕ್ಕೊಂದು ಅಂಟಿಕೊಂಡು ದೊಡ್ಡ ಅಣುಗಳಾಗಿವೆ. ಇವನ್ನು ಮುಂದೆ ಹಂತ 3ರಲ್ಲಿ ಫಿನಾಲ್ ಎಳೆಯಲು ಬಳಸುವ ದ್ರಾವಕವೂ ಸರಿಯಾಗಿ ಎಳೆಯುವುದಿಲ್ಲ, ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ. ಕೊನೆಯಲ್ಲಿ ಬಣ್ಣ ಹೋಗುತ್ತಿಲ್ಲ ಅಂತ ಓಝೋನ್‌ಗೆ ದುಡ್ಡು ಸುರಿಯುವವರು ಮೊದಲು ನೋಡಬೇಕಾದ್ದು ಇಲ್ಲಿ, ಬಾಯಿ ತೆರೆದ ಸೆಪರೇಟರ್ ಟ್ಯಾಂಕಿನಲ್ಲಿ. ಟ್ಯಾಂಕ್ ಮುಚ್ಚಿ, ಮೇಲೆ ನೈಟ್ರೋಜನ್ ಹೊದಿಸಿ. ಬೆಂಜೀನ್ ಹೊರಗೆ ಹೋಗುವುದೂ ನಿಲ್ಲುತ್ತದೆ.

ದೂಳು ಸೇರಿದ ಟಾರನ್ನು ಮತ್ತೆ ಗ್ಯಾಸಿಫೈಯರ್‌ಗೇ ಹಾಕಬಹುದು, ದೊಡ್ಡ ಲುರ್ಗಿ ಪ್ಲಾಂಟ್‌ಗಳಲ್ಲಿ ಹಾಗೇ ಮಾಡುತ್ತಾರೆ. ಉಳಿದದ್ದು ಅಪಾಯಕಾರಿ ತ್ಯಾಜ್ಯ. ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಿಸುವ ದಾಖಲೆ ಪತ್ರ) ಹಾಕಿ, ಅನುಮತಿ ಇರುವ ಕಡೆಗೆ ಮಾತ್ರ ಕಳಿಸಿ.

ಹಂತ 2: ಅಮೋನಿಯಾ ಮತ್ತು ಆಸಿಡ್ ಗ್ಯಾಸ್

ಇಡೀ ಪ್ಲಾಂಟಿನ ಕೀಲಿಕೈ ಇಲ್ಲಿದೆ, ನಿಧಾನವಾಗಿ ಓದಿ.

ಫಿನಾಲ್‌ಗೆ ಪಿಎಚ್ 10 ಒಂದು ಗಡಿ. ಆ ಪಿಎಚ್‌ನಲ್ಲಿ ಅರ್ಧದಷ್ಟು ಫಿನಾಲ್ ಅಯಾನ್ ಆಗಿ ನೀರನ್ನೇ ಹಿಡಿದುಕೊಂಡಿರುತ್ತದೆ, ದ್ರಾವಕಕ್ಕೆ ಬರುವುದಿಲ್ಲ. ಪಿಎಚ್ 8ಕ್ಕೆ ಇಳಿದರೆ ಹಾಗೆ ಹಿಡಿದುಕೊಳ್ಳುವುದು ಬರೀ ನೂರಕ್ಕೆ ಒಂದು ಭಾಗ. ಅಮೋನಿಯಾ ಇದಕ್ಕೆ ಉಲ್ಟಾ. ಅದರ ಗಡಿ 9.25, ಪಿಎಚ್ ಮೇಲಿದ್ದಷ್ಟೂ ಗ್ಯಾಸ್ ಆಗಿ ಹಾರಲು ತಯಾರು. ಹೈಡ್ರೋಜನ್ ಸಲ್ಫೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಹೊರಗೆ ಬರಬೇಕಾದರೆ ಪಿಎಚ್ ಕೆಳಗಿರಬೇಕು.

ಹಳೇ ಪದ್ಧತಿಯಲ್ಲಿ ಫಿನಾಲ್ ಮೊದಲು ತೆಗೆದು ಅಮೋನಿಯಾ ಆಮೇಲೆ ಓಡಿಸುತ್ತಿದ್ದರು. ಅಮೋನಿಯಾ ಒಳಗೇ ಇದ್ದಾಗ ಪಿಎಚ್ 9-10ರ ಹತ್ತಿರ, ಅಂದರೆ ಫಿನಾಲ್ ತೆಗೆಯಲು ಕೆಟ್ಟ ಜಾಗ. ಆಮೇಲೆ ಚೀನಾದ ಹಲವು ಪ್ಲಾಂಟ್‌ಗಳು ಸರದಿ ಬದಲಿಸಿದವು. ಒಂದೇ ಸ್ಟೀಮ್ ಕಾಲಮ್‌ನ ತುದಿಯಿಂದ ಆಸಿಡ್ ಗ್ಯಾಸ್ (ಅದೇ ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಡೈಆಕ್ಸೈಡ್), ಪಕ್ಕದಿಂದ ಅಮೋನಿಯಾ ಮತ್ತು ಆವಿ, ತಳದಿಂದ ನೀರು. ಅಮೋನಿಯಾ ಹೋದ ಮೇಲೆ ತಳದ ನೀರಿನ ಪಿಎಚ್ ತಾನಾಗಿಯೇ 7ರ ಆಸುಪಾಸಿಗೆ ಇಳಿಯುತ್ತದೆ. ಆಸಿಡ್ ಒಂದು ಹನಿ ಹಾಕದೆ ಫಿನಾಲ್ ತೆಗೆಯಲು ಬೇಕಾದ ಪಿಎಚ್ ಸಿಕ್ಕಿತು. ಹೊಸದಾಗಿ ಕಟ್ಟುವುದಾದರೆ ಈ ಸರದಿಯೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ನೀರಿನಲ್ಲಿ ಗಟ್ಟಿಯಾಗಿ ಕೂತ ಸ್ವಲ್ಪ ಅಮೋನಿಯಾ, ಅಂದರೆ ಕ್ಲೋರೈಡ್ ಥರದ ಲವಣವಾಗಿರುವುದು, ಕಾಸ್ಟಿಕ್ ಹಾಕದೆ ಹೋಗುವುದಿಲ್ಲ. ಎಷ್ಟು ಬೇಕೋ ಅಷ್ಟೇ ಹಾಕಿ. ಈ ಸೋಡಿಯಂ ಕೊನೆ ಹಂತದಲ್ಲಿ ಉಪ್ಪಾಗಿ ಮತ್ತೆ ಎದುರಿಗೆ ಬರುತ್ತದೆ.

ಇನ್ನೊಂದು ಕಿರಿಕಿರಿ: ಕಾಲಮ್ ತುದಿಯ ಪೈಪ್ ತಣ್ಣಗಾದರೆ ಅಮೋನಿಯಾ, ಕಾರ್ಬನ್ ಡೈಆಕ್ಸೈಡ್ ಎರಡೂ ಸೇರಿ ಬಿಳಿ ಹರಳು ಕಟ್ಟಿ ಲೈನ್ ಬ್ಲಾಕ್ ಆಗುತ್ತದೆ. ಪೈಪಿಗೆ ಟ್ರೇಸಿಂಗ್ (ಬಿಸಿ ಮಾಡುವ ಲೈನ್) ಹಾಕಿ ಬಿಸಿಯಾಗಿಡಿ. ತುದಿಯ ಆಸಿಡ್ ಗ್ಯಾಸನ್ನು ಸಲ್ಫರ್ ಘಟಕಕ್ಕೆ ಕಳಿಸಬೇಕು, ಸುಮ್ನೆ ಚಿಮಣಿಗೆ ಬಿಡುವಂತಿಲ್ಲ.

ಹಂತ 3: ಫಿನಾಲ್ ಹೊರತೆಗೆಯುವುದು

ನೀರನ್ನೂ ದ್ರಾವಕವನ್ನೂ ಎದುರುಬದುರು ಹರಿಸಿದರೆ ಫಿನಾಲ್ ದ್ರಾವಕಕ್ಕೆ ಹಾರುತ್ತದೆ. ಆಮೇಲೆ ಬಟ್ಟಿ ಇಳಿಸಿ ದ್ರಾವಕ ವಾಪಸ್ ಪಡೆಯುವುದು, ತಳದಲ್ಲಿ ಉಳಿದ ಕಚ್ಚಾ ಫಿನಾಲ್ ಮಾರುವುದು. ಅಮೆರಿಕದ ನಾರ್ತ್ ಡಕೋಟಾದ ಗ್ರೇಟ್ ಪ್ಲೇನ್ಸ್ ಪ್ಲಾಂಟ್ 14 ಲುರ್ಗಿ ಗ್ಯಾಸಿಫೈಯರ್ ಇಟ್ಟುಕೊಂಡು 1984ರಿಂದ ಲಿಗ್ನೈಟ್‌ನಿಂದ ಗ್ಯಾಸ್ ಮಾಡುತ್ತಿದೆ. ಅವರು ಫಿನಾಲ್, ಕ್ರೆಸಾಲ್ ಮಾರುತ್ತಾರೆ, ಫಿನಾಲ್ ತೆಗೆದ ನೀರನ್ನು ಕೂಲಿಂಗ್ ಟವರ್‌ಗೆ ಬಳಸುತ್ತಾರೆ.

ದ್ರಾವಕ ಯಾವುದು? ಹೆಚ್ಚಾಗಿ ಕೇಳುವ ಹೆಸರು ಎರಡು. ಡೈಐಸೋಪ್ರೊಪೈಲ್ ಈಥರ್ 68 ಡಿಗ್ರಿಗೇ ಕುದಿಯುತ್ತದೆ, ವಾಪಸ್ ಪಡೆಯಲು ಉಗಿ ಕಡಿಮೆ ಸಾಕು. ಮಾಮೂಲಿ ಫಿನಾಲನ್ನು ಚೆನ್ನಾಗಿ ಎಳೆಯುತ್ತದೆ, ಆದರೆ ಎರಡು ಹೈಡ್ರಾಕ್ಸಿಲ್ ಇರುವ ಕ್ಯಾಟೆಕಾಲ್, ರೆಸಾರ್ಸಿನಾಲ್ ಬಂದರೆ ಸೋಲುತ್ತದೆ. ಗಾಳಿಯಲ್ಲಿ ಇಟ್ಟರೆ ಪೆರಾಕ್ಸೈಡ್ ಕಟ್ಟಿ ಸ್ಫೋಟದ ಭಯವೂ ಇದೆ. ಮೀಥೈಲ್ ಐಸೋಬ್ಯುಟೈಲ್ ಕೀಟೋನ್ 116 ಡಿಗ್ರಿಗೆ ಕುದಿಯುತ್ತದೆ, ಉಗಿ ಜಾಸ್ತಿ ತಿನ್ನುತ್ತದೆ, ಆದರೆ ಆ ಹಠಮಾರಿ ಫಿನಾಲ್‌ಗಳನ್ನೂ ಎಳೆಯುತ್ತದೆ. ನಿಮ್ಮ ನೀರಿನಲ್ಲಿ ಅಂಥವು ಜಾಸ್ತಿ ಇದ್ದರೆ ಕೀಟೋನ್ ಆಯ್ದುಕೊಳ್ಳಿ. ಉಗಿಗೆ ಕೊಡುವ ದುಡ್ಡು ಮುಂದಿನ ಹಂತಗಳಲ್ಲಿ ಉಳಿಯುತ್ತದೆ.

ಮರೆಯುವ ಕೆಲಸ ಒಂದಿದೆ. ಹೊರಟ ನೀರಿನಲ್ಲಿ ದ್ರಾವಕವೂ ಸ್ವಲ್ಪ ಕರಗಿರುತ್ತದೆ, ಕೀಟೋನ್ ಆದರೆ ನೂರಕ್ಕೆ ಎರಡರ ಹತ್ತಿರ. ಅಂದರೆ ಲೀಟರಿಗೆ ಇಪ್ಪತ್ತು ಗ್ರಾಂ ಹತ್ತಿರ! ಉಗಿಯಲ್ಲಿ ಓಡಿಸಿ ಅದನ್ನು ವಾಪಸ್ ಪಡೆಯದೆ ಇದ್ದರೆ ಫಿನಾಲ್ ತೆಗೆದೆವು ಅಂತ ಖುಷಿಪಟ್ಟು ಅದಕ್ಕಿಂತ ದೊಡ್ಡ ಸಿಓಡಿಯನ್ನು ನೀವೇ ಬೆರೆಸಿದಂತೆ.

ಹಂತ 4: ಬ್ಯಾಕ್ಟೀರಿಯಾ

ಈಗ ಫಿನಾಲ್ ಕೆಲವು ನೂರಕ್ಕೆ, ಅಮೋನಿಯಾ ನೂರಿನ್ನೂರಕ್ಕೆ ಇಳಿದಿರಬೇಕು. ಇಳಿದಿಲ್ಲವಾದರೆ ನೀರನ್ನು ಎಮರ್ಜೆನ್ಸಿ ಟ್ಯಾಂಕಿಗೆ ತಿರುಗಿಸಿ, ಬಯಾಲಜಿಗೆ ಬಿಡಬೇಡಿ. ಈ ಟ್ಯಾಂಕ್ ಡ್ರಾಯಿಂಗ್‌ನಲ್ಲಿ ಇರುತ್ತದೆ, ದುಡ್ಡು ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಬಿಡಬೇಡಿ, ಜಗಳ ಆಡಿಯಾದರೂ ಕಟ್ಟಿಸಿ.

ಸರದಿ ಹೀಗೆ: ಮೊದಲು ಗಾಳಿ ಇಲ್ಲದ ಅನಾಕ್ಸಿಕ್ ಟ್ಯಾಂಕ್, ಆಮೇಲೆ ಏರೇಶನ್. ಏರೇಶನ್‌ನಲ್ಲಿ ಹುಟ್ಟಿದ ನೈಟ್ರೇಟ್ ನೀರನ್ನು ವಾಪಸ್ ಮೊದಲಿನ ಅನಾಕ್ಸಿಕ್ ಟ್ಯಾಂಕಿಗೆ ತಿರುಗಿಸಿದರೆ ಅಲ್ಲಿನ ಬ್ಯಾಕ್ಟೀರಿಯಾ ಉಳಿದ ಫಿನಾಲನ್ನೇ ತಿಂದು ನೈಟ್ರೇಟನ್ನು ನೈಟ್ರೋಜನ್ ಗ್ಯಾಸ್ ಮಾಡುತ್ತದೆ.

ಲೆಕ್ಕ ಹಾಕೋಣ. ದಿನಕ್ಕೆ 1,000 ಘನ ಮೀಟರ್ ನೀರು, ಲೀಟರಿಗೆ 200 ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್. ಅಂದರೆ ದಿನಕ್ಕೆ 200 ಕೆಜಿ. ಬ್ಯಾಕ್ಟೀರಿಯಾ ಇದನ್ನು ನೈಟ್ರೇಟ್ ಮಾಡಲು ಒಂದು ಕೆಜಿ ನೈಟ್ರೋಜನ್‌ಗೆ ಆಮ್ಲಜನಕ 4.57 ಕೆಜಿ, ಒಟ್ಟು 914 ಕೆಜಿ. ಕ್ಷಾರ 7.14 ಕೆಜಿ, ಒಟ್ಟು 1,428 ಕೆಜಿ, ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಕಾಸ್ಟಿಕ್ ಸೋಡಾದಲ್ಲಿ ಕೊಡುವುದಾದರೆ ದಿನಕ್ಕೆ 1,142 ಕೆಜಿ. ನೈಟ್ರೇಟ್ ವಾಪಸ್ ತಿರುಗಿಸುವುದು ಚೆನ್ನಾಗಿ ನಡೆದರೆ ಇದರಲ್ಲಿ ಅರ್ಧದವರೆಗೆ ಹಿಂದಕ್ಕೆ ಸಿಗುತ್ತದೆ. ಹಂತ 2ರಲ್ಲಿ ಅಮೋನಿಯಾವನ್ನು 200ರ ಬದಲು 100ಕ್ಕೆ ಇಳಿಸಿದ್ದರೆ ಈ ಎಲ್ಲ ಅಂಕಿಗಳೂ ಅರ್ಧ. ಮ್ಯಾನೇಜರ್ ಉಗಿ ಉಳಿಸಿ ಅಂದಾಗ ಈ ಲೆಕ್ಕ ತೋರಿಸಿ.

ಥಯೋಸಯನೇಟ್ ಮರೆಯಬೇಡಿ. ಅದು ಒಡೆದಾಗ ಅದರೊಳಗಿನ ನೈಟ್ರೋಜನ್ ಅಮೋನಿಯಾ ಆಗಿ ಬರುತ್ತದೆ. ಲೀಟರಿಗೆ 100 ಮಿಲಿಗ್ರಾಂ ಥಯೋಸಯನೇಟ್ ಇದ್ದರೆ ಟ್ಯಾಂಕಿನ ಒಳಗೇ ಇನ್ನೊಂದು 24 ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್ ಹುಟ್ಟುತ್ತದೆ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದೇ ಜಾಸ್ತಿ ಅಂತ ಲ್ಯಾಬಿನವರನ್ನು ಬೈಯುವ ಮುಂಚೆ ಇದನ್ನು ನೋಡಿ.

ಈ ನೀರಿನಲ್ಲಿ ರಂಜಕ ಇಲ್ಲವೇ ಇಲ್ಲ ಅನ್ನಬಹುದು. ನೂರು ಕೆಜಿ ಬಿಓಡಿಗೆ ಒಂದು ಕೆಜಿ ರಂಜಕದ ಲೆಕ್ಕದಲ್ಲಿ, ದಿನಕ್ಕೆ 1,500 ಕೆಜಿ ಬಿಓಡಿ ಇದ್ದರೆ 15 ಕೆಜಿ ರಂಜಕ, ಅಂದರೆ ಶೇಕಡಾ 85ರ ಫಾಸ್ಫಾರಿಕ್ ಆಸಿಡ್ ಸುಮಾರು 56 ಕೆಜಿ. ಯೂರಿಯಾ ಬೇಡ, ನೈಟ್ರೋಜನ್ ಈಗಾಗಲೇ ಬೇಕಾದಷ್ಟಿದೆ. ನೈಟ್ರೋಜನ್ ಕಡಿಮೆ ಇರುವ ನೀರಿನ ಇಟಿಪಿ ನಡೆಸಿ ಬಂದವರು ಅಭ್ಯಾಸಬಲದಿಂದ ಯೂರಿಯಾ ಹಾಕಿಬಿಡುತ್ತಾರೆ.

ಶುರು ಮಾಡುವಾಗ ಸ್ಲಡ್ಜನ್ನು (ಬ್ಯಾಕ್ಟೀರಿಯಾ ತುಂಬಿದ ಕೆಸರು) ಉಕ್ಕು ಕಾರ್ಖಾನೆಯ ಕೋಕ್ ಓವನ್ ಇಟಿಪಿಯಿಂದ ತನ್ನಿ, ಫಿನಾಲ್, ಥಯೋಸಯನೇಟ್ ತಿಂದು ಅಭ್ಯಾಸ ಇರುತ್ತದೆ. ಲೋಡ್ ಹತ್ತನೇ ಒಂದರಿಂದ ಶುರುಮಾಡಿ, ಹೊರಗಿನ ನೀರಿನ ಫಿನಾಲ್ ಇಳಿದ ಮೇಲಷ್ಟೇ ಏರಿಸಿ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ, ಅಂದರೆ ನೈಟ್ರಿಫೈಯರ್‌ಗಳು, ನಿಧಾನಕ್ಕೆ ಬೆಳೆಯುವವು, ಸ್ಲಡ್ಜ್ ಜಾಸ್ತಿ ತೆಗೆದರೆ ಅವೇ ಮೊದಲು ಖಾಲಿಯಾಗುತ್ತವೆ. ನೊರೆ ಬರುತ್ತದೆ, ಬಂದೇ ಬರುತ್ತದೆ. ಸಿಲಿಕೋನ್ ನೊರೆನಾಶಕ ಸುರಿಯಬೇಡಿ, ಮುಂದೆ ಆರ್‌ಓ ಮೆಂಬ್ರೇನ್‌ಗೆ ಅಂಟಿಕೊಳ್ಳುತ್ತದೆ. ನೀರನ್ನೇ ಸ್ಪ್ರೇ ಮಾಡಿ ತಗ್ಗಿಸಿ.

ಹಂತ 5: ಉಳಿದ ಬಣ್ಣ

ಬ್ಯಾಕ್ಟೀರಿಯಾ ಬಿಟ್ಟದ್ದನ್ನು ಫೆಂಟನ್ (ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಕೊಳೆ ಒಡೆಯುವ ವಿಧಾನ), ಓಝೋನ್ ಅಥವಾ ಆಕ್ಟಿವೇಟೆಡ್ ಕಾರ್ಬನ್‌ನಿಂದ ತೆಗೆಯಬೇಕು. ಫೆಂಟನ್‌ಗೆ ಪಿಎಚ್ 3ರ ಹತ್ತಿರ ಬೇಕು, ಒಂದು ಗ್ರಾಂ ಸಿಓಡಿಗೆ ಕಾಗದದ ಮೇಲೇ 2.1 ಗ್ರಾಂ ಹೈಡ್ರೋಜನ್ ಪೆರಾಕ್ಸೈಡ್ ಬೇಕು, ಜೊತೆಗೆ ಕಬ್ಬಿಣದ ಸ್ಲಡ್ಜ್. ಮೊದಲು ಜಾರ್ ಟೆಸ್ಟ್, ಆಮೇಲೆ ಖರೀದಿ. ಆರ್‌ಓ ಮುಂದಿದ್ದರೆ ಕಾರ್ಬನ್ ಅಥವಾ ಓಝೋನ್ ವಾಸಿ. ಫೆಂಟನ್‌ಗೆ ಹಾಕಿದ ಆಸಿಡ್, ಅದನ್ನು ತಟಸ್ಥ ಮಾಡಲು ಹಾಕಿದ ಕಾಸ್ಟಿಕ್, ಎಲ್ಲ ಉಪ್ಪಾಗಿ ಮೆಂಬ್ರೇನ್‌ಗೇ ಹೋಗುತ್ತದೆ.

ಹಂತ 6: ಉಪ್ಪು

ಹೊರಗೆ ಹನಿ ನೀರೂ ಬಿಡಬಾರದು ಅಂತ ಷರತ್ತಿದ್ದರೆ ಮೆದುಗೊಳಿಸುವುದು, ಅಲ್ಟ್ರಾಫಿಲ್ಟ್ರೇಶನ್, ಆರ್‌ಓ, ಕೊನೆಗೆ ಎಂಇಇ (ಹಲವು ಹಂತಗಳಲ್ಲಿ ನೀರನ್ನು ಆವಿ ಮಾಡುವ ಯಂತ್ರ). ಆರ್‌ಓ ನೀರು ಬಾಯ್ಲರ್‌ಗೆ, ಕೂಲಿಂಗ್‌ಗೆ ವಾಪಸ್. ಉಳಿದ ಗಟ್ಟಿ ಉಪ್ಪುನೀರನ್ನು ಆವಿ ಮಾಡಿದರೆ ಸೋಡಿಯಂ ಕ್ಲೋರೈಡ್, ಸೋಡಿಯಂ ಸಲ್ಫೇಟ್, ಸ್ವಲ್ಪ ಸಾವಯವ ಕೊಳೆ ಬೆರೆತ ಕಂದು ಉಪ್ಪು ಸಿಗುತ್ತದೆ. ಅದು ಯಾರಿಗೂ ಬೇಡ, ಸುರಕ್ಷಿತ ಭೂಭರ್ತಿಗೆ ದುಡ್ಡು ಕೊಟ್ಟು ಕಳಿಸಬೇಕು.

ಕ್ಲೋರೈಡ್, ಸಲ್ಫೇಟ್ ಎರಡನ್ನೂ ಬೇರೆ ಮಾಡಿ ಮಾರುವ ದಾರಿ ಇದೆ. ಸೋಡಿಯಂ ಸಲ್ಫೇಟ್ ಸುಮಾರು 32 ಡಿಗ್ರಿಯಲ್ಲಿ ಅತಿ ಜಾಸ್ತಿ ಕರಗುತ್ತದೆ, ಅಲ್ಲಿಂದ ಮೇಲೆ ಬಿಸಿ ಮಾಡಿದರೆ ಕರಗುವುದು ಕಡಿಮೆಯಾಗುತ್ತದೆ. ಅಡುಗೆ ಉಪ್ಪು ಬಿಸಿಯಾದಷ್ಟೂ ಸ್ವಲ್ಪ ಜಾಸ್ತಿಯೇ ಕರಗುತ್ತದೆ. ಹಾಗಾಗಿ ಬಿಸಿಯಲ್ಲಿ ಸಲ್ಫೇಟ್ ಹರಳು, ಆಮೇಲೆ ಶಾಖ ಇಳಿಸಿ ಕ್ಲೋರೈಡ್ ಹರಳು. ಹರಳು ತೆಗೆದ ಮೇಲೆ ಉಳಿಯುವ ತಾಯಿ ದ್ರಾವಣದಲ್ಲಿ ಸಾವಯವ ಕೊಳೆ ಸೇರುತ್ತಾ ಹೋಗುವುದರಿಂದ ಒಂದಷ್ಟನ್ನು ಹೊರಗೆ ತೆಗೆಯುತ್ತಲೇ ಇರಬೇಕು, ಇಲ್ಲದಿದ್ದರೆ ಹರಳಿಗೆ ಬಣ್ಣ ಹಿಡಿಯುತ್ತದೆ. ಖರೀದಿ ಮಾಡುವವರು ಮೊದಲು ನೋಡುವುದೇ ಬಣ್ಣ. ಉಪ್ಪು ಬಿಳಿ ಬರುತ್ತಿಲ್ಲ ಅಂದರೆ ಕ್ರಿಸ್ಟಲೈಸರ್ ಬಿಚ್ಚುವ ಮುಂಚೆ ಹಂತ 3ರ ಫಿನಾಲ್ ಲಾಗ್ ಶೀಟ್ ತೆಗೆದು ನೋಡಿ.